ಮಾಬುಸಾಬನ ರಕ್ತದಲ್ಲಿ ಕಂಡದ್ದು

ಶಕುನ, ಮುನ್ಸೂಚನೆ ಎಂದು ಬಾಯಿ ತೆರೆದವರನ್ನು ಗೇಲಿ ಮಾಡದೆ ಬಿಟ್ಟವಳಲ್ಲ ನಾನು. ನಮ್ಮ ಕಸುಬೇ ಅಂಥದ್ದು. ಒಮ್ಮೆ ಕಂಡದ್ದನ್ನು ನಂಬುವ ಹಾಗಿಲ್ಲ, ಮತ್ತೆ ಅಳೆದಾಗಲೂ ಅದೇ ಬರಬೇಕು. ಬಾರದಿದ್ದರೆ ಸುಳ್ಳು, ಮುಗಿಯಿತು. ಈಗ ಇದನ್ನು ಓದಿ ಹಳೆಯ ಗೆಳೆಯರು ನನ್ನನ್ನೇ ಗೇಲಿ ಮಾಡಿಯಾರು. ಮಾಡಲಿ ಬಿಡಿ.

ಬಳ್ಳಾರಿಯಲ್ಲಿ ಗಣಿಗಾರಿಕೆ ಹುಚ್ಚೆದ್ದು ಕುಣಿಯುತ್ತಿದ್ದ ಕಾಲ. ಗಿಡದೆಲೆ, ಗೋಡೆ, ಎಮ್ಮೆಯ ಬೆನ್ನು, ಎಲ್ಲವೂ ಕೆಂಪು. ಆ ಧೂಳು ಮೈಯೊಳಗೆ ಏನು ಮಾಡುತ್ತದೆ ಎಂದು ತಿಳಿಯಲು ನೂರಾರು ಅದಿರು ಲಾರಿ ಚಾಲಕರ ರಕ್ತ ತೆಗೆದುಕೊಂಡಿದ್ದೆವು. ಹೋಲಿಸಿ ನೋಡಲು ಸಿರುಗುಪ್ಪದ ಭತ್ತದ ಗದ್ದೆಯವರದ್ದೂ ಇತ್ತು. ರಕ್ತದ ಪ್ರೋಟೀನುಗಳನ್ನು ಚೂರು ಮಾಡಿ, ಆ ಚೂರುಗಳ ತೂಕ ಹಿಡಿದು, ಯಾವುದು ಎಷ್ಟಿದೆ ಎಂದು ಹೇಳುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ಬಲು ಸೂಕ್ಷ್ಮ, ಅಷ್ಟೇ ಚಂಚಲ. ಇಂದು ಹೇಳಿದ್ದನ್ನು ನಾಳೆ ಹೇಳದು, ಈ ಊರಿನ ಯಂತ್ರದ ಮಾತಿಗೆ ಆ ಊರಿನದು ಒಪ್ಪದು. ಅದಕ್ಕೇ ಪ್ರತಿಯೊಬ್ಬರ ರಕ್ತವನ್ನು ಮೂರು ನಳಿಕೆಗಳಿಗೆ ಹಂಚಿ, ಹೆಸರಿನ ಬದಲು ಸಂಖ್ಯೆ ಅಂಟಿಸಿ, ಎರಡನ್ನು ಬೇರೆ ಬೇರೆ ಊರಿನ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದೆವು. ಮೂರನೆಯದು ನಮ್ಮ ಫ್ರೀಜರಿನಲ್ಲಿ ಉಳಿಯುತ್ತಿತ್ತು.

ಒಂದು ನಳಿಕೆಯಲ್ಲಿ ಮಯೋಗ್ಲೋಬಿನ್ ಉಕ್ಕಿಬಂದಿತ್ತು. ಅದು ಮಾಂಸಖಂಡದೊಳಗಿನ ಪ್ರೋಟೀನು. ಮಾಂಸಖಂಡ ಜಜ್ಜಿಹೋದರೆ ರಕ್ತಕ್ಕೆ ಸೋರುತ್ತದೆ. ಮೈಮುರಿದು ದುಡಿದವರಲ್ಲಿ ತುಸು ಏರುವುದುಂಟು, ಆದರೆ ಇಷ್ಟು ಇದ್ದವನು ಆಸ್ಪತ್ರೆಯ ಮಂಚದ ಮೇಲಿರಬೇಕು. ಹಾಳು ಯಂತ್ರ ಎಂದು ಬೈದೆ. ಎರಡನೆಯ ಊರಿನಿಂದಲೂ ಅದೇ ಬಂತು. ಸಂಖ್ಯೆಯ ಹಿಂದಿನ ಹೆಸರು ತೆಗೆಸಿ ನೋಡಿದರೆ ಕುರುಗೋಡಿನ ಮಾಬುಸಾಬ! ರಕ್ತ ಕೊಟ್ಟ ದಿನ ಪ್ಲೇಟುಗಟ್ಟಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು, ನಮ್ಮ ನರ್ಸಮ್ಮನನ್ನು ನಗಿಸಿ ಹೋದ ಗಟ್ಟಿ ಆಳು. ಹಂಚುವ ಮೊದಲೇ ನಳಿಕೆ ಅದಲುಬದಲಾಗಿದೆ ಎಂದೇ ತೀರ್ಮಾನಿಸಿದೆ. ಇನ್ನೊಮ್ಮೆ ರಕ್ತ ತೆಗೆದರೆ ಗೊಂದಲ ಮುಗಿಯುತ್ತದಲ್ಲ? ಫೋನ್ ಮಾಡಿ, ಬಳ್ಳಾರಿಗೆ ಹೊರಟಾಗ ನಿಮ್ಮ ಊರಾಚೆಯ ಚಹಾದಂಗಡಿ ಹತ್ತಿರ ಸ್ವಲ್ಪ ನಿಲ್ಲಿ ಎಂದೆ. ಲೋಡಿಗೆ ಹೊತ್ತಾಗುತ್ತದೆ ಎಂದು ಗೊಣಗಿದ. ನಾನು ಬಿಡಲಿಲ್ಲ.

ಮಟಮಟ ಮಧ್ಯಾಹ್ನ. ಖಾಲಿ ಲಾರಿ ನಿಲ್ಲಿಸಿ ಇಳಿದವನೇ ತೋಳು ಮಡಿಸಿ ಬೆಂಚಿನ ಮೇಲೆ ಕೂತ.

“ಏನ್ರಿ ಮೇಡಂ, ನನ್ನ ರಕ್ತದಾಗ ಅದಿರು ಸಿಕ್ತೇನ್ರಿ? ಸಿಕ್ಕಿದ್ರ ಅರ್ಧ ಪಾಲು ನಂದು ನೋಡ್ರಿ ಮತ್ತ!”

ನಗುತ್ತಲೇ ಸೂಜಿ ಚುಚ್ಚಿದೆ. ನಳಿಕೆ ತುಂಬಿತು. ಹತ್ತಿ ಒತ್ತಿಹಿಡಿಯಿರಿ ಎನ್ನುವಷ್ಟರಲ್ಲಿ ರಸ್ತೆಯಲ್ಲಿ ಕೂಗಾಟ ಎದ್ದಿತು. ಅಲ್ಲೇ ಆಚೆ ಯಾವುದೋ ಅದಿರು ಲಾರಿ ಬೈಕಿನವನೊಬ್ಬನ ಮೇಲೆ ಹರಿದು ಪರಾರಿಯಾಗಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಬೆನ್ನಟ್ಟಿ ಬಂದ ಜನಕ್ಕೆ ಕಂಡದ್ದು ಕೆಂಪು ಧೂಳು ಮೆತ್ತಿದ ಈ ಲಾರಿ. ಅವರಿಗೆ ಅಷ್ಟೇ ಸಾಕಾಯಿತು.

“ಇವನ ನೋಡ್ರಲೇ! ಹಿಡೀರಿ, ಬಿಡಬ್ಯಾಡ್ರಿ ಮಗನ್ನ!”

“ನಾ ಅಲ್ರಿ ಯಣ್ಣಾ! ನಾ ಇಲ್ಲೇ ಕುಂತೀನಿ, ಮೇಡಮ್ಮಾರ್ನ ಕೇಳ್ರಿ!”

ಕೇಳುವವರು ಯಾರು? ಹೆಸರು ಕೇಳುವ ವ್ಯವಧಾನವೂ ಯಾರಿಗೂ ಇರಲಿಲ್ಲ. ಕೊರಳಪಟ್ಟಿ ಹಿಡಿದು ರಸ್ತೆಗೆ ಎಳೆದರು. ಕಲ್ಲು, ಬಡಿಗೆ, ಅವನದೇ ಲಾರಿಯ ಜಾಕಿ ರಾಡು. ಬೋರಲು ಬಿದ್ದವನ ತೊಡೆ, ಬೆನ್ನು, ಪಕ್ಕೆಗಳ ಮೇಲೆ ಸರದಿಯಂತೆ ಬಡಿದರು. ಸುಸ್ತಾದವನು ಪಕ್ಕದವನಿಗೆ ರಾಡು ಕೊಡುತ್ತಿದ್ದ. ನಾನು ಅಡ್ಡ ಹೋದೆ. ಕೂದಲು ಹಿಡಿದು ಎಳೆದು ಬಿಸುಟರು. ಬಿದ್ದಲ್ಲಿಂದಲೇ ಇವನಲ್ಲ, ಇವನಲ್ಲ ಎಂದು ಗಂಟಲು ಹರಿಯುವಂತೆ ಅರಚಿದೆ. ಲಾರಿಗೆ ಬೆಂಕಿ ಬಿತ್ತು. ಪೊಲೀಸರು ಬರುವಷ್ಟರಲ್ಲಿ ಅವನ ಕಾಲುಗಳು ಬಾತು, ಪ್ಯಾಂಟು ಬಿಗಿದುಹೋಗಿತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಿತ್ತು. ಮೂತ್ರ ಮಾತ್ರ ಕಪ್ಪುಗೆಂಪಾಗಿ ಹೋಗತೊಡಗಿತು.

“ಬಡಿತಕ್ಕೆ ಮಾಂಸಖಂಡ ಜಜ್ಜಿಹೋಗಿದೆ. ರಕ್ತದಲ್ಲಿ ಮಯೋಗ್ಲೋಬಿನ್ ಉಕ್ಕಿ ಕಿಡ್ನಿ ಕಟ್ಟಿಬಿಟ್ಟಿದೆ” ಎಂದರು ವೈದ್ಯರು.

ಅವನ ಹಳೆಯ ನಳಿಕೆಯಲ್ಲಿ ಕಂಡಿದ್ದೂ ಅದೇ. ಕೆಲವೇ ದಿನಗಳಲ್ಲಿ ಮಾಬುಸಾಬ ಹೋಗಿಬಿಟ್ಟ.

ಚಹಾದಂಗಡಿಯಲ್ಲಿ ತೆಗೆದ ರಕ್ತ ಆ ಗದ್ದಲದಲ್ಲೂ ನನ್ನ ಚೀಲದಲ್ಲಿ ಉಳಿದಿತ್ತು. ಅದರಲ್ಲಿ ಏನೂ ಇರಲಿಲ್ಲ, ಆರೋಗ್ಯವಂತನ ರಕ್ತ. ಫ್ರೀಜರಿನಲ್ಲಿದ್ದ ಹಳೆಯ ಮೂರನೆಯ ನಳಿಕೆಯನ್ನೂ ಯಂತ್ರಕ್ಕೆ ಕೊಟ್ಟೆ. ಮತ್ತೆ ಅದೇ ಮಯೋಗ್ಲೋಬಿನ್, ಅಷ್ಟೇ ಪ್ರಮಾಣ. ಆ ರಕ್ತ ಅವನದೇ ಎಂದು ಡಿಎನ್‌ಎ ಪರೀಕ್ಷೆಯೂ ಹೇಳಿತು. ಏನೋ ಬೆರೆತಿರಬೇಕು, ಅವನನ್ನು ಅಧ್ಯಯನದಿಂದ ಕೈಬಿಡಿ ಎಂದರು ನಮ್ಮ ಪ್ರಯೋಗಾಲಯದ ಹಿರಿಯರು. ಬಿಟ್ಟೆವು. ಏನು ಬೆರೆತಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಅವನ ಹೆಂಡತಿ ಹುಸೇನಬಿಯಿಂದ ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಕುರುಗೋಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡದೆ ಒಂದೇ ಮಾತು ಕೇಳಿದಳು.

“ಅಲ್ರಿ ಮೇಡಂ, ರಕ್ತದಾಗ ಅದು ಕಂಡಿದ್ಕ ನೀವು ಕರದ್ರಿ. ನೀವು ಕರದಿದ್ಕ ನಮ್ಮ ಮನಿಯವ್ರು ಅಲ್ಲಿ ನಿಂತ್ರು. ನೀವು ಕರೀದ ಇದ್ದಿದ್ರ, ಆ ರಕ್ತದಾಗ ಏನ್ ಕಾಣ್ತಿತ್ರಿ?”

ಗೊತ್ತಿಲ್ಲವ್ವ ಎಂದೆ. ಇವತ್ತಿಗೂ ಗೊತ್ತಿಲ್ಲ.