ಎಲ್ಲಾ ಸೇರ್ಕಂಡೈತೆ ಅಂದವನು

ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ, ಕೊನೆಗೆ ಇವಳ ಮನಸ್ಸು ಕರಗೀತು ಎಂದು ಯಾರೂ ಕಾಯಬೇಕಾಗಿಲ್ಲ.

ರಾಮನಗರದಲ್ಲಿ ನಮ್ಮ ಮನೆಯಿಂದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅವನದೊಂದು ಟ್ರಾವೆಲ್ಸ್ ಆಫೀಸು ಇತ್ತು. ಗಾಜಿನ ಬಾಗಿಲು, ಒಳಗೆ ಎ.ಸಿ., ಗೋಡೆಯ ತುಂಬ ಬಿಳಿ ಹಡಗಿನ ಚಿತ್ರ. ತಿರುಪತಿಗೆ, ಕಾಶಿಗೆ ಜನರನ್ನು ಕಳಿಸುತ್ತಿದ್ದವನು ಈಚೆಗೆ ಹಡಗಿನ ಪ್ರವಾಸವನ್ನೂ ಮಾರಲು ಶುರುಮಾಡಿದ್ದ. ನಾನು ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡವಳು. ನನ್ನ ಅಕ್ಕನನ್ನು ಮಾಗಡಿ ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ರಾಗಿ, ಅವರೆ, ಹಸು, ಮನೆ ತುಂಬ ಜನ. ಅವಳಿಗೆ ಅರವತ್ತು ತುಂಬುವ ವರ್ಷ, ನಿನಗೇನು ಬೇಕು ಹೇಳು, ನಾನು ಕೊಡಿಸುತ್ತೇನೆ ಎಂದೆ. ಬಳೆ ಕೇಳುತ್ತಾಳೆ ಅಂದುಕೊಂಡಿದ್ದೆ. ಸಮುದ್ರದ ಮೇಲೆ ಮಲಗಿ ಏಳಬೇಕು ಎಂದಳು. ಮೊಬೈಲಿನಲ್ಲಿ ಯಾರೋ ಕಳಿಸಿದ ಹಡಗಿನ ವಿಡಿಯೋ ನೋಡಿದ್ದಳಂತೆ.

ಹಾಗಾಗಿ ಇಬ್ಬರೂ ಅವನ ಆಫೀಸಿಗೆ ಹೋದೆವು. ನಲವತ್ತರ ಆಸುಪಾಸಿನ, ಕನಕಪುರ ಕಡೆಯ ಮನುಷ್ಯ. ಅಕ್ಕನನ್ನು ಕಂಡ ಕೂಡಲೇ ಎದ್ದು ಕುರ್ಚಿ ಎಳೆದುಕೊಟ್ಟ. ಮುಂಬೈಯಲ್ಲಿ ಹಡಗು ಹತ್ತುವುದು, ಗೋವಾ ಕಡೆ ಹೋಗಿ ತಿರುಗಿ ಮುಂಬೈಗೇ ಬಂದು ಇಳಿಯುವುದು ಎಂದೆಲ್ಲ ವಿವರಿಸಿದ. ಅಕ್ಕ ಕೇಳಿದ್ದು ಒಂದೇ ವಿಷಯ, ಊಟಕ್ಕೆ ಬೇರೆ ಕೊಡಬೇಕಾ ಎಂದು.

“ಎಲ್ಲಾ ಸೇರ್ಕಂಡೈತೆ ಕಣವ್ವ. ಮೂರೊತ್ತೂ ಉಣ್ಣಿ, ಯಾರೂ ಕಾಸ್ ಕೇಳಾಕಿಲ್ಲ. ಮ್ಯಾಲಿನ ಅಂತಸ್ತಲ್ಲಿ ಒಂದು ಸ್ಪೆಷಲ್ ರೆಸ್ಟೋರೆಂಟ್ ಐತೆ, ಕುಂತಿದ್ ಕಡೆಯಿಂದ್ಲೇ ಸಮುದ್ರ ಕಾಣ್ತದೆ. ನಿಮ್ ಹುಟ್ಟಿದಬ್ಬದ ದಿನ ಅಲ್ಲೇ ಹೋಗಿ.”

ಯಾವುದನ್ನೂ ಎರಡೆರಡು ಸಲ ಕೇಳಿ ಗಟ್ಟಿಮಾಡಿಕೊಳ್ಳುವುದು ನನ್ನ ಅಭ್ಯಾಸ. ಆ ಸ್ಪೆಷಲ್ಲೂ ಸೇರಿದೆಯಾ ಎಂದು ಇನ್ನೊಮ್ಮೆ ಕೇಳಿದೆ. ಅದೂ ಸೇರಿದೆ ಮೇಡಂ, ನನ್ನ ಮೇಲೆ ನಂಬಿಕೆ ಇಲ್ಲವಾ ಎಂದು ನಕ್ಕ.

ಹಡಗು ಹತ್ತುವಾಗ ನಮ್ಮಿಬ್ಬರಿಗೂ ಒಂದೊಂದು ಕಾರ್ಡು ಕೊಟ್ಟರು. ಕೋಣೆಯ ಬೀಗಕ್ಕೂ ಅದೇ, ಹತ್ತಿ ಇಳಿಯುವುದಕ್ಕೂ ಅದೇ. ಅಕ್ಕ ಅದನ್ನು ತಾಳಿಯ ಪಕ್ಕದಲ್ಲೇ ಕೊರಳಿಗೆ ಹಾಕಿಕೊಂಡು ಓಡಾಡಿದಳು. ಕೆಳಗಿನ ಅಂತಸ್ತಿನ ದೊಡ್ಡ ಊಟದ ಹಾಲಿನಲ್ಲಿ ಎಷ್ಟು ಬಗೆಯೋ ಇಟ್ಟಿದ್ದರು. ಅವಳು ಎಲ್ಲವನ್ನೂ ಒಂದು ಸುತ್ತು ನೋಡಿಕೊಂಡು ಬಂದು ಮೊಸರನ್ನ ಬಡಿಸಿಕೊಂಡಳು. ಉಳಿದ ಹೊತ್ತೆಲ್ಲ ಕಂಬಿ ಹಿಡಿದು ನೀರು ನೋಡುತ್ತಿದ್ದಳು.

ಹುಟ್ಟುಹಬ್ಬದ ಸಂಜೆ ಮೇಲಿನ ರೆಸ್ಟೋರೆಂಟಿಗೆ ಹೋದೆವು. ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗುತ್ತ ನಮ್ಮ ಕಾರ್ಡುಗಳನ್ನು ಯಂತ್ರಕ್ಕೆ ತೋರಿಸಿ ಒಳಗೆ ಬಿಟ್ಟಳು. ಕಾಲು ಹೂತುಹೋಗುವಂಥ ಜಮಖಾನ, ಮಂದ ಬೆಳಕು, ಮಡಿಸಿಟ್ಟ ಬಟ್ಟೆ. ನಾವು ಕೇಳುವ ಮೊದಲೇ ನೀಲಿ ಗಾಜಿನ ಬಾಟಲಿ ತೆರೆದು ನೀರು ಬಗ್ಗಿಸಿದರು. ಬಡಿಸುವವನು ತಾನೇ ಮುಂದಾಗಿ ಒಂದು ದೊಡ್ಡ ಸಮುದ್ರದ ಸಿಗಡಿಯನ್ನು ತಟ್ಟೆಯಲ್ಲಿ ತಂದು ತೋರಿಸಿ, ಇದು ಇವತ್ತಿನ ವಿಶೇಷ, ಇವತ್ತು ಅಮ್ಮನ ಹುಟ್ಟುಹಬ್ಬ ಅಲ್ಲವಾ ಎಂದು ಹಿಂದಿಯಲ್ಲಿ ಹೇಳಿದ. ಇದು ನಮ್ಮ ಸಿಗಡಿಯ ಮುತ್ತಾತ ಇರಬೇಕು ಎಂದಳು ಅಕ್ಕ. ಆಮೇಲೆ ಮೇಣದಬತ್ತಿ ಹಚ್ಚಿದ ಪುಟ್ಟ ಕೇಕು ಬಂತು. ನಾಲ್ಕಾರು ಜನ ಸುತ್ತ ನಿಂತು ಹಾಡಿದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಮ್ಮಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಊಟ ಮುಗಿದಾಗ ಬಿಲ್ಲು ಬರಲಿಲ್ಲ. ಅವ್ನು ದಿಟಾನೇ ಹೇಳವ್ನೆ ಕಣವ್ವ ಎಂದು ಅಕ್ಕ ಅಲ್ಲಿಂದಲೇ ಅವನನ್ನು ಹರಸಿದಳು. ಅದೇ ಧೈರ್ಯದಲ್ಲಿ ಮಾರನೆಯ ಮಧ್ಯಾಹ್ನವೂ ಅಲ್ಲಿಗೇ ಹೋದೆವು.

ಇಳಿಯುವ ದಿನ ಬಾಗಿಲ ಬಳಿ ಕಾರ್ಡು ತೋರಿಸಿದಾಗ ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ನಮ್ಮನ್ನು ಸಾಲಿನಿಂದ ಪಕ್ಕಕ್ಕೆ ಕರೆದು ಒಂದು ಕೌಂಟರಿನ ಮುಂದೆ ನಿಲ್ಲಿಸಿದರು. ಕಾರ್ಡಿನ ಲೆಕ್ಕದಲ್ಲಿ ಬಾಕಿ ಇದೆ, ಕಟ್ಟಿ ಇಳಿಯಿರಿ ಎಂದರು. ಆ ರೆಸ್ಟೋರೆಂಟಿನ ಒಳಗೆ ಕೂತದ್ದಕ್ಕೇ ತಲೆಗೆ ಇಷ್ಟು. ಸಿಗಡಿಗೆ ಬೇರೆ. ನೀರಿಗೆ ಬೇರೆ. ಕೇಕಿಗೆ ಬೇರೆ. ಅಷ್ಟರ ಮೇಲೆ ಸೇವಾ ಶುಲ್ಕ, ಅದರ ಮೇಲೆ ತೆರಿಗೆ. ಹಾಡಿದ್ದಕ್ಕೆ ಮಾತ್ರ ಹಾಕಿರಲಿಲ್ಲ. ಒಟ್ಟನ್ನು ನಾನೇ ಇನ್ನೊಂದು ಸಲ ಕೂಡಿ ನೋಡಿದೆ. ಆ ದುಡ್ಡಿಗೆ ಒಳ್ಳೆಯ ಒಂದು ಕರು ಬರುತ್ತಿತ್ತು.

ನಾನು ಜಗಳಕ್ಕೆ ನಿಂತೆ. ಇದೆಲ್ಲ ಸೇರಿದೆ ಎಂದು ನಮಗೆ ಹೇಳಿದ್ದಾರೆ ಎಂದೆ. ಯಾರು ಹೇಳಿದ್ದು ಎಂದು ಅವರು ಸಮಾಧಾನವಾಗಿ ಕೇಳಿದರು. ಅವನಿಗೆ ಫೋನ್ ಮಾಡಿದೆ. ಮೂರ್ನಾಲ್ಕು ಸಲ ಎತ್ತಲಿಲ್ಲ. ಆಮೇಲೆ ಎತ್ತಿ, ಅದು ಹಡಗಿನವರ ರೂಲ್ಸು ಮೇಡಂ, ನನ್ನ ಕೈಯಲ್ಲಿ ಏನಿದೆ ಎಂದು ಇಟ್ಟುಬಿಟ್ಟ. ನಮ್ಮ ಪಕ್ಕದಲ್ಲೇ ಇಳಿಯುವವರ ಸಾಲು ಹೋಗುತ್ತಿತ್ತು. ಊಟದ ಹಾಲಿನಲ್ಲಿ ಅಕ್ಕನ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ಮುಖ ತಿರುಗಿಸಿಕೊಂಡು ಹೋದಳು. ಅಕ್ಕ ಬ್ಯಾಗನ್ನು ಎದೆಗೆ ಅವಚಿಕೊಂಡು ನನ್ನ ಕಿವಿಯ ಹತ್ತಿರ ಬಂದಳು.

“ನಾವೇನಾರ ಕದ್ದಿದ್ದೀವಾ?” ಎಂದಳು.

ದುಡ್ಡು ಕಟ್ಟಿದೆ. ಮುಂಬೈಯಲ್ಲಿ ಉಳಿದು ಊರು ನೋಡುವ ಯೋಚನೆ ಇತ್ತು, ಅದಕ್ಕಿಟ್ಟಿದ್ದು ಅಲ್ಲಿಗೇ ಹೋಯಿತು. ನೇರ ರೈಲು ಹತ್ತಿದೆವು. ದಾರಿಯಲ್ಲಿ ಅಕ್ಕ ಒಂದು ಬನ್ನು ಕೂಡ ನನ್ನಿಂದ ತೆಗೆಸಿಕೊಳ್ಳಲಿಲ್ಲ.

ಊರಿಗೆ ಬಂದ ಮಾರನೆಯ ದಿನವೇ ನಾನು ಒಬ್ಬಳೇ ಅವನ ಆಫೀಸಿಗೆ ಹೋದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಎಲ್ಲ ಕೇಳಿಸಿಕೊಂಡ. ನಿನಗೆ ಇದು ಮೊದಲೇ ಗೊತ್ತಿತ್ತಾ, ಇಲ್ಲವಾ, ಅಷ್ಟು ಹೇಳು ಎಂದೆ.

“ಮೊದ್ಲೇ ಹೇಳಿದ್ರೆ ನೀವು ಬುಕ್ ಮಾಡ್ತಿದ್ರಾ ಮೇಡಂ?” ಎಂದ.

ನಾನು ಕೂಗಾಡಲಿಲ್ಲ. ಹೊರಗೆ ಬಂದು ರಸ್ತೆಯ ಆ ಬದಿಯಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಕುಡಿಯುತ್ತ ಅವನ ಗಾಜಿನ ಬಾಗಿಲನ್ನೇ ನೋಡುತ್ತಿದ್ದೆ. ಜನ ಒಳಗೆ ಹೋಗುತ್ತಿದ್ದರು, ನಗುತ್ತ ಹೊರಗೆ ಬರುತ್ತಿದ್ದರು. ದುಡ್ಡು ವಾಪಸ್ಸು ಬರುವುದು ನನಗೆ ಆಗಲೇ ಎರಡನೆಯ ಮಾತಾಗಿತ್ತು. ಅಕ್ಕ ಆ ಕೌಂಟರಿನ ಮುಂದೆ ಹೇಗೆ ನಿಂತಿದ್ದಳೋ ಹಾಗೆ ಇವನನ್ನು ನಿಲ್ಲಿಸಬೇಕಿತ್ತು.

ಅದು ಅವರೆಕಾಯಿಯ ಕಾಲ. ಅಕ್ಕನಿಗೆ ಫೋನ್ ಮಾಡಿ, ಒಂದು ಚೀಲ ಕಾಯಿ ತಗೊಂಡು ಬಾ, ಅವನ ಆಫೀಸಿನಲ್ಲಿ ಕೂತು ಸುಲಿಯೋಣ ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋಗಲಿ ಬಿಡು, ಊಟ ಚೆನ್ನಾಗಿತ್ತಲ್ಲ ಎಂದಳು. ಕದ್ದಿದ್ದೀವಾ ಎಂದು ನನ್ನ ಕಿವಿಯಲ್ಲಿ ಕೇಳಿದವಳು ಯಾರು ಎಂದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಚೀಲ ಹೊತ್ತು ಬಂದಳು.

ಅವನ ಸೋಫಾದಲ್ಲಿ ಇಬ್ಬರೂ ಕೂತೆವು. ಮಧ್ಯೆ ಮೊರ, ಕಾಲ ಬಳಿ ಸಿಪ್ಪೆಗೊಂದು ಬುಟ್ಟಿ. ಏನಿದು ಎಂದ. ನಿನ್ನ ಉತ್ತರಕ್ಕೆ ಕಾಯುತ್ತಿದ್ದೇವೆ, ಕೈ ಖಾಲಿ ಕೂರುವ ಅಭ್ಯಾಸ ನಮಗಿಲ್ಲ ಎಂದೆ. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಅಂಡಮಾನ್ ವಿಚಾರಿಸುತ್ತಿದ್ದರು. ಊಟ ಸೇರಿದೆಯಾ ಕೇಳಿದೆಯೇನಮ್ಮ ಎಂದು ನಾನು ಆ ಹುಡುಗಿಯನ್ನು ಕೇಳಿದೆ. ಸೇರಿದೆಯಂತೆ ಎಂದಳು. ನಮಗೂ ಹಾಗೇ ಹೇಳಿದ್ದರು ಎಂದು ಸಿಗಡಿಯಿಂದ ಶುರುಮಾಡಿ ಕೆಂಪು ದೀಪದವರೆಗೂ ಹೇಳಿದೆ. ಅವರು ಯೋಚನೆ ಮಾಡಿ ಬರುತ್ತೇವೆ ಎಂದು ಎದ್ದುಹೋದರು. ತಿರುಗಿ ಬರಲಿಲ್ಲ.

ದಿನವೂ ಹೋದೆವು. ಎದ್ದುಹೋಗಿ ಎಂದು ಗದರಿದ. ಅರವತ್ತರ ಹೆಂಗಸನ್ನು ಕೈ ಹಿಡಿದು ಎಳೆಯುವಂತಿರಲಿಲ್ಲ, ಅಕ್ಕಪಕ್ಕದ ಅಂಗಡಿಯವರು ನೋಡುತ್ತಿದ್ದರು. ಎ.ಸಿ. ಆರಿಸಿದ. ನಾವು ಬಾಗಿಲು ತೆರೆದಿಟ್ಟೆವು. ಅವರೆಯ ಸೊಗಡು ಬೀದಿಗೆ ಹೋಯಿತು, ಬೀದಿಯ ಜನ ಒಳಗೆ ಇಣುಕಿದರು, ಅವರಿಗೂ ಹೇಳಿದೆ. ಸುಲಿದದ್ದು ಮುಗಿದಾಗ ನೆನೆಹಾಕಿದ ಕಾಳು ತಂದು ಹಿತಕುತ್ತ ಕೂತೆವು. ಒಂದೊಂದು ಕಾಳೂ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುವಾಗ ನನಗೆ ಆಗುತ್ತಿದ್ದ ಖುಷಿಯನ್ನು ಇನ್ನೊಬ್ಬರಿಗೆ ಹೇಳಿ ತಿಳಿಸಲಾರೆ.

ಮನೆಯಲ್ಲಿ ನಮ್ಮ ಯಜಮಾನರು, ಇಷ್ಟು ಸಾಕು ಎಂದರು. ಇನ್ನೂ ಶುರುವಾಗಿಲ್ಲ ಎಂದೆ.

ಆಮೇಲೆ ಅವನು ದಾರಿ ಬದಲಿಸಿದ. ಅಕ್ಕನಿಗೆ ಕಾಫಿ ತರಿಸಿದ. ಅವ್ವ ಎಂದ. ತನ್ನ ತಾಯಿಯ ಮಂಡಿನೋವಿನ ಕಥೆ ಹೇಳಿದ. ಅಕ್ಕ ಅದಕ್ಕೊಂದು ಎಣ್ಣೆ ಹೇಳಿಕೊಟ್ಟಳು. ಮರುದಿನ ಹಿತಕಿದ ಬೇಳೆಯನ್ನು ಕವರಿಗೆ ಹಾಕಿ, ನಿಮ್ಮವ್ವನಿಗೆ ಸಾರು ಮಾಡಿಕೊಡು ಎಂದು ಅವನ ಕೈಗಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಆ ಸಂಜೆ ಅವಳನ್ನು ಬಸ್ ನಿಲ್ದಾಣಕ್ಕೆ ಒಬ್ಬಳನ್ನೇ ಕಳಿಸಿದೆ.

ಅದಾಗಿ ಒಂದು ದಿನ ನನಗೆ ಬ್ಯಾಂಕಿನಲ್ಲಿ ಕೆಲಸವಿತ್ತು. ಅಕ್ಕನನ್ನು ಅಲ್ಲಿ ಕೂರಿಸಿ ಹೋದೆ. ತಿರುಗಿ ಬಂದಾಗ ಅವಳ ಕೈ ನಿಂತಿತ್ತು. ಪಾತ್ರೆ ತೊಡೆಯ ಮೇಲೆ ಹಾಗೇ ಇತ್ತು. ನನ್ನನ್ನು ಕಂಡವಳೇ, ಏಳು, ಹೋಗಣ ಎಂದಳು. ಸೋತಳು ಅಂದುಕೊಂಡೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಹೇಳಿದಳು. ನಾನಿಲ್ಲದ ಹೊತ್ತಿನಲ್ಲಿ ಅವನು ಅವಳ ಪಕ್ಕ ಬಂದು ಕೂತು ಬುದ್ಧಿ ಹೇಳಿದ್ದನಂತೆ. ನಿಮ್ಮ ತಂಗಿ ದುಡ್ಡಿನಾಸೆಗೆ ನಿಮ್ಮನ್ನು ಇಲ್ಲಿ ಕೂರಿಸಿದ್ದಾರೆ ಅವ್ವ. ನಿಮ್ಮಂಥ ಹಳ್ಳಿಯವರಿಗೆ ಆ ಹೋಟೆಲು ಒಗ್ಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೂ ಒಂದು ಸಲ ಕಂಡುಕೊಂಡು ಬರಲಿ ಎಂದು ಕಳಿಸಿದೆ ಎಂದನಂತೆ.

“ಇವನ್ಗೆ ಹಿಂಗೆ ಕುಂತ್ರೆ ಸಾಲಾಕಿಲ್ಲ ಕಣವ್ವ,” ಎಂದಳು ಅಕ್ಕ.

ಅವಳ ಊರಿನ ಸುತ್ತಮುತ್ತಲ ಮಹಿಳಾ ಸಂಘದವರು ಸೇರಿ ಒಂದು ಬಸ್ಸು ಮಾಡಿಕೊಂಡು ಕಾಶಿಗೆ ಹೊರಟಿದ್ದರು. ಮುಂಗಡ ಕೊಟ್ಟಿದ್ದು ಇವನಿಗೇ. ಅದನ್ನು ಅವನೇ ಅಕ್ಕನ ಮುಂದೆ ಜಂಬದಿಂದ ಹೇಳಿಕೊಂಡಿದ್ದ. ಅಕ್ಕ ಊರಿಗೆ ಹೋದವಳೇ ಸಂಘದ ಸಭೆಗೆ ಹೋಗಿ, ಹಡಗಿನ ಕಥೆಯನ್ನು ಪೂರ್ತಿ ಹೇಳಿದಳಂತೆ. ಹುಟ್ಟುಹಬ್ಬಕ್ಕೆ ಹಾಡಿದ ಆ ಇಂಗ್ಲಿಷ್ ಹಾಡನ್ನು ತನಗೆ ಬಂದಂತೆ ಹಾಡಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಕೌಂಟರಿನ ಹತ್ತಿರಕ್ಕೆ ಬಂದಾಗ ಯಾರೂ ನಗಲಿಲ್ಲವಂತೆ. ಕೊನೆಗೆ ಅವನು ಸೋಫಾದಲ್ಲಿ ಹೇಳಿದ ಬುದ್ಧಿಮಾತನ್ನು ಹೇಳಿದಳಂತೆ.

ಸೋಮವಾರ ಬೇಗ ಅವನ ಆಫೀಸಿಗೆ ಬಾ ಎಂದು ಅಕ್ಕನಿಂದ ಫೋನ್ ಬಂತು. ನಾನು ಅವನ ಆಫೀಸಿನ ಮುಂದೆ ನಿಂತಿರುವಾಗಲೇ ಮಾಗಡಿ ಕಡೆಯಿಂದ ಹೆಂಗಸರು ಬಂದಿಳಿದರು. ಸೋಫಾ ತುಂಬಿತು, ಕುರ್ಚಿಗಳು ತುಂಬಿದವು, ಉಳಿದವರು ನೆಲಕ್ಕೆ, ಮೆಟ್ಟಿಲಿಗೆ ಕೂತರು. ಅವನು ಕಾಶಿ ಟೂರಿನ ವಿಷಯ ಮಾತಾಡಲು ಬಂದಿದ್ದಾರೆ ಎಂದುಕೊಂಡು ಮೊದಲು ನಗುತ್ತಲೇ ಕೈ ಮುಗಿದ.

ಒಬ್ಬಾಕೆ, ಬಸ್ಸಲ್ಲಿ ಸೀಟು ಸೇರ್ಕಂಡೈತಾ ಎಂದು ಕೇಳಿದಳು. ಸೇರಿದೆ ಎಂದ. ಇನ್ನೊಬ್ಬಾಕೆ, ಸೀಟಿನ ಮ್ಯಾಲೆ ಕುಂತ್ಕಳದು ಎಂದಳು. ಗಂಗೆಯಲ್ಲಿ ಮುಳುಗೋದು, ಮುಳುಗಿ ಏಳೋದು ಎಂದಳು ಮತ್ತೊಬ್ಬಾಕೆ. ಸಾಲಾಗಿ ಕೇಳುತ್ತ ಹೋದರು. ಯಾರೂ ನಗಲಿಲ್ಲ. ಅವನ ಕಣ್ಣು ಅಕ್ಕನನ್ನು ಹುಡುಕಿತು. ಅವಳು ಅವನ ಎದುರಿನ ಕುರ್ಚಿಯಲ್ಲಿ, ಅವನೇ ಮೊದಲ ದಿನ ಎಳೆದುಕೊಟ್ಟದ್ದರಲ್ಲಿ, ಕೂತಿದ್ದಳು.

ಅವನು ಸಂಘದ ಮುಂಗಡ ಹಿಂದಕ್ಕೆ ಕೊಟ್ಟ. ನಮ್ಮ ರೆಸ್ಟೋರೆಂಟಿನ ದುಡ್ಡನ್ನೂ ತೆಗೆದು ಅಕ್ಕನ ಮುಂದಿಟ್ಟ. ಅಕ್ಕ ಅದನ್ನು ಮುಟ್ಟಲಿಲ್ಲ.

“ಗೊತ್ತಿದ್ದೂ ಹೇಳ್ಲಿಲ್ಲ ಅಂತ ಇವ್ರ ಮುಂದೆ ಹೇಳಪ್ಪ,” ಎಂದಳು.

ನೆಲ ನೋಡುತ್ತ ಹೇಳಿದ. ಹಿಂದೆ ಕೂತವರಿಗೆ ಕೇಳಿಸಲಿಲ್ಲ ಎಂದು ಮೆಟ್ಟಿಲ ಮೇಲಿದ್ದ ಒಬ್ಬಾಕೆ ಹೇಳಿದಳು. ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದ. ಪಕ್ಕದ ಅಂಗಡಿಯವನು ಬಾಗಿಲಿಗೆ ಬಂದು ನಿಂತ. ನೆಲ ನೋಡುತ್ತ ನಿಂತವನ ಕಿವಿ ಕೆಂಪಾಗುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಹಡಗಿನಲ್ಲಿ ತಿಂದ ಯಾವ ತಿನಿಸೂ ನನಗೆ ಅಷ್ಟು ಹಿಡಿಸಿರಲಿಲ್ಲ.

ಅಕ್ಕ ದುಡ್ಡು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಎಣ್ಣೆ ಹಚ್ಚೋದು ಬಿಡಿಸಬೇಡ, ನಿಮ್ಮವ್ವ ಏನೂ ಮಾಡಿಲ್ಲ ಎಂದು ಅವನಿಗೆ ಹೇಳಿ ಹೊರಗೆ ನಡೆದಳು. ಅದೊಂದನ್ನು ಹೇಳದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆ ದುಡ್ಡಿನಲ್ಲಿ ಸಂಘದವರ ಕಾಶಿ ಬಸ್ಸಿನಲ್ಲಿ ಅವಳೂ ಒಂದು ಸೀಟು ಹಿಡಿದಳು. ಬೇರೆ ಟ್ರಾವೆಲ್ಸ್‌ನವರು ಕರೆದುಕೊಂಡು ಹೋದರು. ಊಟಕ್ಕೆ ಎಷ್ಟು, ನೀರಿಗೆ ಎಷ್ಟು ಎಂದು ಅವರು ಮೊದಲೇ ಬಿಡಿಸಿ ಹೇಳಿದ್ದರಂತೆ.

ಯುಗಾದಿಯ ಹೊತ್ತಿಗೆ ಅವನು ರಾಮನಗರದ ಆಫೀಸು ಮುಚ್ಚಿದ. ಈಗ ಅಲ್ಲಿ ಕನ್ನಡಕದ ಅಂಗಡಿ ಇದೆ. ಅವನು ಚನ್ನಪಟ್ಟಣದಲ್ಲಿ ಹೊಸ ಹೆಸರಿನಲ್ಲಿ ಶುರುಮಾಡಿದ್ದಾನೆ ಎಂದು ಹೋದ ವಾರ ನನ್ನ ನಾದಿನಿಯಿಂದ ಗೊತ್ತಾಯಿತು. ಅವಳ ಮನೆ ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದಲ್ಲಿ. ಸುದ್ದಿ ಕೇಳಿ ಅಕ್ಕ, ಬದುಕ್ಕಳ್ಲಿ ಬುಡು ಎಂದಳು. ಯಜಮಾನರಂತೂ ನನ್ನ ಮುಖ ನೋಡಿ ಪೇಪರು ಮಡಿಸಿಟ್ಟು ಎದ್ದುಹೋದರು.

ನಾದಿನಿಯ ಪಕ್ಕದ ಮನೆಯವರು ಮಗಳ ಮದುವೆ ಮುಗಿಸಿ, ಸಿಂಗಪುರಕ್ಕೋ ಎಲ್ಲಿಗೋ ಹೋಗಬೇಕೆಂದು ಅವನ ಹತ್ತಿರವೇ ವಿಚಾರಿಸುತ್ತಿದ್ದಾರಂತೆ. ಅವರಿನ್ನೂ ದುಡ್ಡು ಕಟ್ಟಿಲ್ಲ. ನಾಳೆ ಬೆಳಿಗ್ಗೆ ನಾನು ಬೈರಾಪಟ್ಟಣಕ್ಕೆ ಹೋಗುತ್ತಿದ್ದೇನೆ.