ದನಿ ಹೋದ ಮೇಲೆ ಹೇಳಿದ ಪುರಾಣ

ಮಲ್ಲಯ್ಯನನ್ನು ನಂಬಿದ ಎಲ್ಲರಿಗೂ ಶರಣು; ಅವನು ನನಗೆ ಕೊಟ್ಟ ಅನುಭವ ಬರೆಯುತ್ತಿದ್ದೇನೆ. ನನ್ನ ದನಿ ಹೋದದ್ದು ಬನಹಟ್ಟಿಯ ಮಲ್ಲಯ್ಯನ ಗುಡಿಯ ಅಂಗಳದಲ್ಲಿ, ಶ್ರಾವಣದ ಪುರಾಣ ಹೇಳುವಾಗ, ತುಂಬಿದ ಸಭೆಯ ಎದುರಿಗೆ. ಕೆಮ್ಮು ಬಂತು. ನಿಂತ ಮೇಲೆ ಬಾಯಿ ತೆರೆದರೆ ಬರೀ ಗಾಳಿ. ಆಗಲೇ ಸುಮ್ಮನಾಗಬೇಕಿತ್ತು. ಹಟಕ್ಕೆ ಬಿದ್ದು ಇನ್ನಷ್ಟು ಒತ್ತಿ ಕೂಗಿದೆ. ಗಂಟಲಿನಿಂದ ರಕ್ತ ಬಂತು.

ನಾನು ಕನ್ನಡ ಶಾಲೆಯ ಮಾಸ್ತರ. ಪಾಠ ಹೇಳುವುದು ಹೊಟ್ಟೆಪಾಡು, ಪುರಾಣ ಹೇಳುವುದು ಜೀವ. ಜಮಖಂಡಿ, ಮುಧೋಳ, ಬೀಳಗಿಯಿಂದಲೂ ಕರೆ ಬರುತ್ತಿತ್ತು. ಮೈಕು ಕೆಟ್ಟರೆ ಒಳಗೊಳಗೇ ಹಿಗ್ಗುವಷ್ಟು ಸೊಕ್ಕು ನನಗೆ. ಕೈ ಆಡಿಸಿ ಮಾತಾಡುವವರನ್ನು ಕಂಡರೆ, "ಏನ್ರೀ, ನೊಣಾ ಹೊಡ್ಯಾಕತ್ತೀರೇನ?" ಎಂದು ನಗುತ್ತಿದ್ದೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದೆ.

ಹೆಂಡತಿ ಕಾಶವ್ವ ನನ್ನನ್ನು ಬಸ್ಸಿನಲ್ಲಿ ಮಿರಜಿನ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗಂಟಲಿನ ಗಂಟು ತೆಗೆದರು. ವಾರಗಟ್ಟಲೆ ಮಾತಾಡಬಾರದೆಂದರು. ಆ ಪಥ್ಯ ಮುಗಿದ ದಿನ ನನ್ನ ಬಾಯಿಂದ ಹೊರಟದ್ದು ಕಬ್ಬಿನ ಒಣ ಎಲೆಯ ರವದಿ ತುಳಿದಂಥ ಸಪ್ಪಳ. "ಇನ್ನು ಇಷ್ಟೇ" ಎಂದರು ಡಾಕ್ಟರು. ಕಾಶವ್ವ ಮುಖ ಆ ಕಡೆ ತಿರುಗಿಸಿದಳು.

ಮುಂದಿನ ದಿನಗಳು ಯಾರಿಗೂ ಬೇಡ. ಶಾಲೆಯಲ್ಲಿ ಪಾಠ ಬಿಡಿಸಿ ಹಾಜರಿ ಪುಸ್ತಕ ಬರೆಯಲು ಕೂರಿಸಿದರು. ಒಮ್ಮೆ ಮಹಾಲಿಂಗಪುರದ ಬಸ್ಸಿನಲ್ಲಿ ಊರ ಹೆಸರು ಹೇಳಲಾಗದೆ ತಡವರಿಸಿದೆ. ಕಂಡಕ್ಟರ್, "ಬಾಯಿ ಬಿಡ್ರಿ ಯಜಮಾನರ, ಎಲ್ಲಿಗಿ?" ಎಂದು ಗದರಿದ. ನಡುದಾರಿಯಲ್ಲೇ ಇಳಿದು, ಅಳುತ್ತ ನಡೆದು ಮನೆ ಮುಟ್ಟಿದೆ. ಪ್ರತಿ ಸೋಮವಾರ ಗುಡಿಗೆ ಹೋಗಿ, "ದನಿ ಕೊಡು, ಇಲ್ಲಾ ನನ್ನನ್ನು ಕರಕೋ" ಎಂದು ಬೇಡುತ್ತಿದ್ದೆ. ಯುಗಾದಿಯ ಹೊತ್ತಿಗೆ ಅದನ್ನೂ ಬಿಟ್ಟೆ. ನನ್ನ ಪಿಸುಮಾತು ದೇವರಿಗೂ ಕೇಳುವುದಿಲ್ಲವೆಂದು ಮನಸ್ಸು ಕಲ್ಲಾಗಿತ್ತು.

ಮತ್ತೆ ಶ್ರಾವಣ ಬಂತು. ಪುರಾಣ ಹೇಳಲು ಮುಧೋಳದವರೊಬ್ಬರನ್ನು ಗೊತ್ತು ಮಾಡಿದ್ದರು. ಒಂದು ಸಂಜೆ ಪವರ್‌ಲೂಮ್ ನಡೆಸುವ ಈರಪ್ಪ ಮನೆಗೆ ಓಡಿಬಂದ.

"ಮುಧೋಳದವರು ಬಂದಿಲ್ರಿ ಮಾಸ್ತರ್ರ. ಮಂದಿ ಕುಂತೈತಿ. ನೀವು ಬರ್ರಿ."

ನಾನು ಗಂಟಲು ಮುಟ್ಟಿ ತೋರಿಸಿದೆ. ಅಣಕಿಸಲು ಬಂದನೇ ಎಂದು ಸಿಟ್ಟು ಬಂತು.

"ಖರೆ ಐತ್ರಿ. ಆದ್ರ ನಮ್ಮ ಶೆಡ್ಡಿನ್ಯಾಗ ಮಗ್ಗದ ಸಪ್ಪಳಕ್ಕ ಯಾರ ಮಾತು ಯಾರಿಗಿ ಕೇಳಸ್ತೈತ್ರಿ? ದಿನಾ ತುಟಿ ನೋಡಿ, ಕೈ ನೋಡಿ ಮಾತಾಡೂ ಮಂದಿ ನಾವು. ನೀವು ಮಾಡಿ ತೋರಸ್ರಿ, ನಮಗ ತಿಳೀತೈತಿ."

ಕಾಶವ್ವ ನನ್ನ ಹೆಗಲಿಗೆ ಶಲ್ಯ ಹೊದಿಸಿದಳು.

ಮಗನನ್ನು ಹೊಳೆಯಲ್ಲಿ ಕಳೆದುಕೊಂಡ ತಾಯಿಯೊಬ್ಬಳು ದೇವರನ್ನು ಕೂಗುವ ಕಥೆ ಅಂದಿನದು. ವೇದಿಕೆ ಹತ್ತಿದೆ. ಮೈಕಿನ ಎದುರು ಪಿಸುಗುಟ್ಟಿದೆ, ಬರೀ ಗರಗರ ಕೇಳಿತು. ನೇಕಾರರ ಕಣ್ಣುಗಳೆಲ್ಲ ನನ್ನ ತುಟಿಯ ಮೇಲೆ ನಿಂತವು. ನನಗೇ ಗೊತ್ತಿಲ್ಲದೆ ಕೈಗಳು ಮುಂದೆ ಬಂದವು. ನೀರಿನಲ್ಲಿ ಮಗುವಿಗಾಗಿ ತಡಕಾಡಿದೆ, ನೆಲಕ್ಕೆ ಕುಸಿದೆ, ಬರಿದಾದ ಉಡಿ ಒಡ್ಡಿದೆ. ತುಟಿ ಕಾಣದಷ್ಟು ಹಿಂದೆ ಕುಳಿತವರಿಗೆ ಮುಂದಿನವರು ಕೈಸನ್ನೆಯಲ್ಲೇ ದಾಟಿಸುತ್ತಿದ್ದರು. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ತಾಯಿ ಕೂಗಬೇಕು. ತಲೆ ಎತ್ತಿ ಬಾಯಿ ತೆರೆದೆ. ಪಿಸುಮಾತೂ ಬರಲಿಲ್ಲ. ಮುಗಿಯಿತೆಂದುಕೊಂಡು ಬಾಯಿ ತೆರೆದೇ ನಿಂತೆ. ಸಭೆಯ ನಡುವಿನಿಂದ ಒಬ್ಬ ಮುದುಕಿ, "ಮಲ್ಲಯ್ಯಾ!" ಎಂದಳು. ಮರುಗಳಿಗೆ ಅಂಗಳಕ್ಕೆ ಅಂಗಳವೇ ಕೂಗಿತು.

ನನ್ನ ದನಿ ಇಂದಿಗೂ ಮರಳಿಲ್ಲ. ಬೇಡಿದ್ದು ಸಿಗಲಿಲ್ಲವಲ್ಲ, ಇದೆಂಥ ಅನುಭವ ಎಂದು ನೀವು ಕೇಳಬಹುದು. ಅಷ್ಟು ವರ್ಷ ಆ ಮಂದಿಯ ಪರವಾಗಿ ನಾನು ದೇವರನ್ನು ಕರೆದಿದ್ದೆ. ಅಂದು ನನ್ನ ಪರವಾಗಿ ಅವರು ಕರೆದರು. ಮಲ್ಲಯ್ಯಾ, ತಂದೆ, ಇನ್ನೇನು ಬೇಡಲಿ?