ಲಕ್ಷ್ಮವ್ವ ಆರಿಸಿದ ತೆನೆಗಳು

ಬ್ಯಾಡರಹಳ್ಳಿಯಾಚೆಯ ಬೀಜಕೋಶದಲ್ಲಿ ಲಕ್ಷ್ಮವ್ವನ ಕೈಗೆ ಇದ್ದಷ್ಟು ಮರ್ಯಾದೆ ಯಾವ ಯಂತ್ರಕ್ಕೂ ಇರಲಿಲ್ಲ. ಕುಂದಗೋಳದ ಕಡೆಯಿಂದ ಬಂದು ಹದಿನಾಲ್ಕು ವರ್ಷ. ಸಾವಿರಾರು ಹಳೆಯ ತಳಿಗಳ ಬೀಜವನ್ನು ಪೊಟ್ಟಣ ಕಟ್ಟಿ ತಣ್ಣನೆಯ ಕೋಣೆಯಲ್ಲಿಡುವ ಜಾಗ ಅದು. ಹೊಸ ತಳಿ ಮಾಡುವ ವಿಜ್ಞಾನಿಗಳು ತಮಗೆ ಬೇಕಾದ ಗುಣ ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಬೀಜವೇನು ಬಂಗಾರವೇ, ಇಟ್ಟ ಹಾಗೇ ಇರಲು? ಕೆಲವು ವರ್ಷಕ್ಕೊಮ್ಮೆ ಹಿಂದಿನ ಹೊಲದಲ್ಲಿ ಬಿತ್ತಿ ಬೆಳೆದು, ಪೊಟ್ಟಣಕ್ಕೆ ಹೊಸ ಕಾಳು ತುಂಬಬೇಕು. ಅದು ಲಕ್ಷ್ಮವ್ವನ ಕೆಲಸ.

ಈ ಸಲ ಬಂದ ವಿಜ್ಞಾನಿ ಅಮೂಲ್ಯಾ. ಜೋಳದ ದಂಟು ಕೊಳೆಸುವ ರೋಗವನ್ನು ತಡೆಯುವ ತಳಿ ಬೇಕಿತ್ತು ಅವಳಿಗೆ. ನಾನೂರ ಹನ್ನೆರಡನೇ ಪೊಟ್ಟಣದ ಜೋಳದಲ್ಲಿ ನೂರಕ್ಕೆ ಮೂರ್ನಾಲ್ಕು ಗಿಡ ರೋಗ ಬಂದರೂ ಹಸಿರಾಗಿಯೇ ನಿಲ್ಲುತ್ತವೆಂದು ಹಳೆಯ ದಾಖಲೆ ಹೇಳುತ್ತಿತ್ತು. ಬೇರೆಲ್ಲೂ ಅಂಥದ್ದು ಸಿಕ್ಕಿರಲಿಲ್ಲ. ತಂದು ಬಿತ್ತಿದಳು. ಆರುನೂರು ಗಿಡ, ರೋಗ ಬಂದು ಅಷ್ಟೂ ನೆಲ ಕಚ್ಚಿದವು.

ಪೊಟ್ಟಣಕ್ಕೆ ಕಾಳು ತುಂಬಿದ್ದು ಹೇಗೆಂದು ಕೇಳಿದಾಗ ಲಕ್ಷ್ಮವ್ವ ಹೆಮ್ಮೆಯಿಂದಲೇ ಹೇಳಿದಳು: "ಚಲೋ ತುಂಬಿದ ತೆನಿ ಅಷ್ಟ ಆರಿಸಿ ಬೀಜಕ್ಕ ತಗದೀನ್ರಿ. ನಮ್ಮವ್ವ ಹಂಗ ಕಲಿಸ್ಯಾಳ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದೇನು ಸುಳ್ಳೇ? ಎಲ್ಲ ಗಿಡದಿಂದಲೂ ಸಮ ಸಮ ಕಾಳು ತೆಗೆಯಬೇಕೆಂದು ಮೇಲ್ವಿಚಾರಕ ಗಿರಿರಾಜ್, ಪುಣ್ಯಾತ್ಮ, ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅಮೂಲ್ಯಾ ಹಳೆಯ ಫೋಟೊ ತೋರಿಸಿದಳು. ರೋಗ ತಡೆದ ಗಿಡಗಳ ತೆನೆ ಮುಷ್ಟಿಯಷ್ಟೂ ಇರಲಿಲ್ಲ, ಅರ್ಧ ಜೊಳ್ಳು. ಅಂಥದ್ದನ್ನು ಲಕ್ಷ್ಮವ್ವನ ಊರಲ್ಲಿ ಯಾವ ಹೆಂಗಸೂ ಬೀಜಕ್ಕೆಂದು ಮುಟ್ಟುವುದಿಲ್ಲ.

ಲಕ್ಷ್ಮವ್ವ ಹೊಸ ಕಾಳು ತುಂಬುವುದಕ್ಕೂ ಮುಂಚಿನ ಹಳೆಯ ಪೊಟ್ಟಣದ ತಳದಲ್ಲಿ ಹನ್ನೊಂದು ಕಾಳು ಉಳಿದಿದ್ದವು. ಒದ್ದೆ ಕಾಗದದಲ್ಲಿಟ್ಟು ದಿನವೂ ನೋಡುವ ಕೆಲಸ ಲಕ್ಷ್ಮವ್ವನಿಗೇ ಬಂತು. ಹತ್ತು ದಿನ ನೋಡಿದಳು. ಒಂದೂ ಮೊಳೆಯಲಿಲ್ಲ. ಪುಸ್ತಕದಲ್ಲಿ ಸೊನ್ನೆ ಬರೆದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಳುವಾದರೂ ಬರುತ್ತಿತ್ತೇನೋ. ಟೀ ಕುಡಿದಳು, ಕೋಣೆ ಗುಡಿಸಿದಳು.

ಸಂಜೆ ಗೇಟಿನ ಬಳಿ ಅಮೂಲ್ಯಾ ಸ್ಕೂಟರ್ ನಿಲ್ಲಿಸಿದಳು. ಅವಳಿಗೆ ಇನ್ನೂ ಒಂದು ಆಸೆ ಉಳಿದಿತ್ತು.

"ಲಕ್ಷ್ಮವ್ವ, ಬೇಡ ಅಂತ ಬಿಟ್ರಲ್ಲ, ಆ ತೆನೆಗಳನ್ನ ಏನ್ ಮಾಡಿದ್ರಿ? ಎಲ್ಲಾದ್ರೂ ಎತ್ತಿಟ್ಟಿದೀರಾ?"

ಲಕ್ಷ್ಮವ್ವ ತನ್ನ ಅಂಗೈ ನೋಡಿಕೊಂಡಳು.

"ಮನಿಗೆ ಒಯ್ದಿದ್ದೆರಿ," ಎಂದಳು. "ಬೀಸಿಸಿ ರೊಟ್ಟಿ ಮಾಡಿ ಉಂಡ್ವಿ. ಭಾಳ ರುಚಿ ಇದ್ದುವು."